ಅಮೀರ್ ಬೀಯ ಬೀಜದ ಮಡಕೆ

ಸೈಫುದ್ದೀನ್ ತೀರಿಕೊಂಡದ್ದು ಸೆಣಬು ಹೂ ಬಿಟ್ಟ ವಾರ. ಹಿರೇಕೊಟ್ನೆಕಲ್ಲಿನ ಅವನ ಎರಡೆಕರೆ ಹೊಲ ಆ ಹೊತ್ತಿಗೆ ಈ ಬದುವಿನಿಂದ ಆ ಬದುವಿನ ತನಕ ಹಳದಿಯಾಗಿತ್ತು. ಮಣ್ಣು ಕೊಟ್ಟು ಬರುವ ದಾರಿ ಆ ಹೊಲದ ಪಕ್ಕದಲ್ಲೇ ಹಾಯುತ್ತದೆ. ಜೊತೆಗಿದ್ದವರು ತಲೆ ತಗ್ಗಿಸಿ ನಡೆದರು. ನಾನು ಮಾತ್ರ ನಿಂತು ನೋಡಿದೆ. ಕೆಳಗಿನ ಹೂ ಉದುರಿ ಎಳೆಕಾಯಿ ಕಟ್ಟುತ್ತಿತ್ತು. ಇನ್ನು ಎಂಟು ದಿನ ಬಿಟ್ಟರೆ ನಾರು ಒರಟಾಗುತ್ತದೆ ಎಂದು ಮನಸ್ಸು ತಾನಾಗಿಯೇ ಎಣಿಸಿತು. ಹಾಗೆ ಎಣಿಸಲು ನನಗೆ ಕಲಿಸಿದವನನ್ನು ಆಗ ತಾನೇ ಮಣ್ಣಿಗಿಟ್ಟು ಬಂದಿದ್ದೆವು.

ಅದಾಗಿ ಈಗ ಮೂರು ತಿಂಗಳು. ಅವನ ಬಗ್ಗೆ ಬರೆಯಬೇಕೆಂದು ಕುಳಿತಾಗಲೆಲ್ಲ ಅವನು ಏನೇನು ಆಗಿರಲಿಲ್ಲ ಎಂಬುದೇ ನೆನಪಿಗೆ ಬರುತ್ತದೆ. ಅವನು ಪಂಚಾಯ್ತಿ ಮೆಂಬರ್ ಆಗಿರಲಿಲ್ಲ. ನಾಲ್ಕನೇ ಇಯತ್ತೆಯ ಆಚೆಗೆ ಓದಿರಲಿಲ್ಲ. ರಾಯಚೂರು ದಾಟಿ ಹೋದದ್ದು ಎರಡೇ ಸಲ. ಸೆಣಬು ಬೆಳೆದು, ಹಗ್ಗ ಹೊಸೆದು, ಕವಿತಾಳ, ಮಾನ್ವಿ, ದೇವದುರ್ಗದ ಸಂತೆಗಳಲ್ಲಿ ಮಾರಿದ ಮನುಷ್ಯ. ಅಷ್ಟೇ. ಆ ಅಷ್ಟರಲ್ಲೇ ಒಂದು ವರ್ಷ ಅವನು ಎಲ್ಲವನ್ನೂ ಕಳೆದುಕೊಳ್ಳುವುದರಲ್ಲಿದ್ದ. ನಾನು ಬರೆಯಬೇಕಾದದ್ದು ಆ ವರ್ಷದ್ದು.

ಸೆಣಬು ಎಂದರೆ ಗೋಣಿಚೀಲದ ಸೆಣಬಲ್ಲ. ಇದು ತೊಗರಿ, ಅವರೆಯ ಕುಲದ ಗಿಡ. ಹೂವಿನ ಆಕಾರವೂ ಅವರೆಯದೇ, ಬಣ್ಣ ಅಪ್ಪಟ ಹಳದಿ. ಒತ್ತಾಗಿ ಬಿತ್ತಿದರೆ ಕವಲೊಡೆಯದೆ ನೆಟ್ಟಗೆ ಏಳುತ್ತದೆ. ಹೂವಿನಲ್ಲಿ ಕೊಯ್ದು, ನೀರಲ್ಲಿ ಕೊಳೆಸಿ, ಸಿಪ್ಪೆ ಸುಲಿದರೆ ಹಗ್ಗಕ್ಕೆ ನಾರು. ಅದೇ ಹೂವಿನಲ್ಲಿ ನೇಗಿಲು ಹೊಡೆದು ಮಗುಚಿದರೆ ಹೊಲಕ್ಕೆ ಗೊಬ್ಬರ. ಬೀಜ ಬೇಕೆನ್ನುವವನು ಮಾತ್ರ ತೆಳ್ಳಗೆ ಬಿತ್ತಿ, ನಾರಿನ ಆಸೆ ಬಿಟ್ಟು, ಕಾಯಿ ಒಣಗುವ ತನಕ ಇನ್ನೂ ಎರಡು ಮೂರು ತಿಂಗಳು ಕಾಯಬೇಕು. ಹಾಗಾಗಿ ಸೆಣಬು ಬೆಳೆಯುವವರು ಬಹಳ, ಸೆಣಬಿನ ಬೀಜ ಇಟ್ಟುಕೊಳ್ಳುವವರು ವಿರಳ.

ನಮ್ಮ ಸೀಮೆಯಲ್ಲಿ ಬೀಜ ಇಟ್ಟುಕೊಂಡಿದ್ದವಳು ಸೈಫುದ್ದೀನನ ತಾಯಿ ಅಮೀರ್ ಬೀ. ಆಳಿನ ತಲೆಯ ಮೇಲೆ ಇನ್ನೊಂದು ಮೊಳ ಏಳುವ ಜಾತಿ ಅವಳದು. ಪ್ರತಿ ವರ್ಷ ಹೊಲದ ಪಡುವಣ ಅಂಚಿನಲ್ಲಿ ನಾಲ್ಕು ಸಾಲು ಬೇರೆಯಾಗಿ, ತೆಳುವಾಗಿ ಬಿತ್ತಿಸುತ್ತಿದ್ದಳು. ಅದಕ್ಕೆ ಬೀಜದ ಸಾಲು ಎಂದು ಹೆಸರು. ಅದರ ಕಾಳು ಅಡುಗೆಮನೆಯ ಅಟ್ಟದ ಮೇಲಿನ ಒಂದು ಮಡಕೆಗೆ ಹೋಗುತ್ತಿತ್ತು. ಬೂದಿ ಬೆರೆಸಿ, ಬೇವಿನೆಲೆ ಹಾಕಿ, ಬಾಯಿಗೆ ಅರಿವೆ ಕಟ್ಟಿ ಮಣ್ಣು ಮೆತ್ತುತ್ತಿದ್ದಳು. ಆ ಮಡಕೆಯನ್ನು ಗಂಡಸರು ಮುಟ್ಟುವಂತಿರಲಿಲ್ಲ, ಸೊಸೆಯೂ ಮುಟ್ಟುವಂತಿರಲಿಲ್ಲ. ಬಿತ್ತುವ ದಿನ ಅವಳೇ ಬಾಯಿಯ ಮಣ್ಣು ಒಡೆದು, ಅಳೆದು, ಮಗನ ಉಡಿಗೆ ಸುರಿಯುತ್ತಿದ್ದಳು.

ಹಗ್ಗದ ಕೆಲಸದಲ್ಲಿ ಸೈಫುದ್ದೀನನಿಗೆ ಒಂದು ಹಟವಿತ್ತು. ತನ್ನ ಮೈಭಾರ ಹಾಕಿ ನೋಡದೆ ದಪ್ಪ ಹಗ್ಗ ಯಾವುದನ್ನೂ ಮಾರುತ್ತಿರಲಿಲ್ಲ. ಪಂಚಮಿಗೆ ಓಣಿ ಓಣಿಯಲ್ಲಿ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದಾಗ, ಅವನ ಹಗ್ಗವಾಗಿದ್ದರೆ, ಮೊದಲ ಜೀಕು ಅವನದೇ. ಹೊಸ ಸೀರೆ ಉಟ್ಟ ಹೆಣ್ಣುಮಕ್ಕಳು ಸುತ್ತ ನಿಂತು ನಗುತ್ತಿದ್ದರು.

“ಸೈಫಣ್ಣಾ, ಪಂಚಮಿ ನಮ್ಮದೋ ನಿಮ್ಮದೋ?”

“ಪಂಚಮಿ ನಿಮ್ಮದವ್ವಾ. ಹಗ್ಗ ಹರಿದ್ರ ಬೈಗುಳ ನಂದು. ಅದಕ್ಕ ಮೊದಲ ನಾನೇ ಬೀಳ್ತೀನಿ, ತಡೀರಿ.”

ಅವನು ಒಮ್ಮೆಯೂ ಬೀಳಲಿಲ್ಲ.

ಅಮೀರ್ ಬೀಗೆ ಇನ್ನೊಂದು ರೂಢಿ ಇತ್ತು. ಸೆಣಬಿನ ಕಾಯಿ ಒಣಗಿದರೆ ಒಳಗಿನ ಕಾಳು ಬಿಡಿಯಾಗಿ ಗಿಲಿಗಿಲಿ ಸದ್ದು ಮಾಡುತ್ತದೆ. ಯಾವ ಮನೆಯವರು ತೊಟ್ಟಿಲ ಹಗ್ಗ ಒಯ್ದರೂ ಅವಳು ಒಂಬತ್ತು ಒಣಕಾಯಿಗಳನ್ನು ಕೆಂಪು ದಾರದಲ್ಲಿ ಗೊಂಚಲು ಕಟ್ಟಿ ಹಗ್ಗಕ್ಕೆ ತೂಗುಬಿಟ್ಟು ಕೊಡುತ್ತಿದ್ದಳು. ಮಗುವಿಗೆ ಗಿಲಕಿ. ಅದಕ್ಕೆ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಕುರುಬರ ಮನೆಯಿರಲಿ, ನಾಯಕರ ಮನೆಯಿರಲಿ, ತೊಟ್ಟಿಲು ತೂಗಿದಾಗ ಕೇಳುತ್ತಿದ್ದ ಮೊದಲ ಸದ್ದು ಅವಳ ಕಾಯಿಗಳದು.

ನಮ್ಮ ಮನೆಗೂ ಒಂದು ಬಂದಿತ್ತು. ನಾನು ಕವಿತಾಳದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಸೈಫು ಮತ್ತು ನಾನು ಹಿರೇಕೊಟ್ನೆಕಲ್ಲಿನಲ್ಲಿ ಒಂದೇ ಓಣಿಯಲ್ಲಿ ಬೆಳೆದವರು. ಊರಿಗೆಲ್ಲ ನಾನು ವಿರೂಪಣ್ಣ ಮಾಸ್ತರ, ಅವನಿಗೆ ವಿರುಪ. ಎಪ್ಪತ್ನಾಲ್ಕರಲ್ಲಿ ನಮಗೆ ಮಗಳು ಹುಟ್ಟಿದಾಗ ತೊಟ್ಟಿಲ ಹಗ್ಗ ಅವನೇ ಹೊಸೆದು ತಂದ. ಗೊಂಚಲಲ್ಲಿ ಒಂಬತ್ತರ ಬದಲು ಹನ್ನೊಂದು ಕಾಯಿ ಇದ್ದವು. “ನಿಮ್ಮವ್ವ ಎಣಿಕಿ ತಪ್ಪಿದ್ಲೇನೋ?” ಎಂದರೆ, “ನಮ್ಮವ್ವ ಎಣಿಕಿ ತಪ್ಪಾಕಿ ಅಲ್ಲ” ಎಂದ. ಮಗು ಬದುಕಿದ್ದು ನಾಲ್ಕು ತಿಂಗಳು. ಆಮೇಲೆ ನನ್ನ ಹೆಂಡತಿ ಬೂದೆಮ್ಮ ತೊಟ್ಟಿಲನ್ನು ಹಗ್ಗ, ಗಿಲಕಿ ಸಮೇತ ಅಡುಗೆಮನೆಯ ಅಟ್ಟಕ್ಕೇರಿಸಿದಳು. ನಮಗೆ ಮತ್ತೆ ಮಕ್ಕಳಾಗಲಿಲ್ಲ. ಅದನ್ನು ಅಲ್ಲಿಂದ ಯಾರೂ ಇಳಿಸಲಿಲ್ಲ.

ಎಂಬತ್ತರ ಬೇಸಿಗೆಯಲ್ಲಿ ಸೈಫು ಮತ್ತು ನಾನು ರಾಯಚೂರಿಗೆ ಹೋಗಿದ್ದೆವು. ತೀನ್ ಕಂದೀಲ್ ಹತ್ತಿರ ಒಂದು ಅಂಗಡಿಯ ಮುಂದೆ ನೀಲಿ ನೈಲಾನ್ ಹಗ್ಗದ ಸುರುಳಿ ತೂಗುಹಾಕಿದ್ದರು. ಅದನ್ನು ಕೈಯಲ್ಲಿ ಹಿಡಿದು ಚೌಕಾಸಿ ಮಾಡುತ್ತಿದ್ದವನು ಗೂಗಲ್ಲಿನ ಪರಮಣ್ಣ. ಕೃಷ್ಣೆಯಲ್ಲಿ ಹರಿಗೋಲು ಹಾಕುವವನು, ಸೈಫುವಿನ ಹಳೆಯ ಗಿರಾಕಿ. ನಮ್ಮನ್ನು ಕಂಡು ಹಗ್ಗ ಕೈಬಿಟ್ಟ.

“ಸಿಕ್ಕಬಿದ್ದೆ ನೋಡು ಪರಮಣ್ಣ,” ಎಂದ ಸೈಫು. “ಮನ್ಯಾಗ ಹೆಂಡ್ತಿ ಇದ್ದಾಗ ಇಲ್ಲೇನು ನಡಿಸೀದಿ?”

“ಇದು ಕೊಳಿಯಂಗಿಲ್ಲ ಅಂತಾರಪ್ಪಾ. ಎರಡು ವರ್ಷ ಬರ್ತದಂತ.”

“ಬರ್ತದ. ಹೊಳಿ ಸೆಳವು ಜೋರಾದಾಗ ಕೈಯಾಗಿಂದ ಜಾರಿದ್ರ ಅಂಗೈ ತೊಗಲೂ ಅದರ ಜೋಡಿ ಹೋಗ್ತದ. ಸಣಬು ನೀರು ಕುಡಿದಷ್ಟು ಗಟ್ಟಿ. ನಿನಗ ಗೊತ್ತಿಲ್ಲದ್ದೇನು?”

ಪರಮಣ್ಣ ಅಂಗೈ ನೋಡಿಕೊಂಡ. “ಹಂಗಾದ್ರ ನೀ ಕೊಡು. ಏಳು ಹರಿಗೋಲು, ಏಳು ಹಗ್ಗ. ಒಂದೊಂದು ಅರವತ್ತು ಮಾರು. ದೀಪಾವಳಿ ಒಳಗ. ಆಗಂಗಿಲ್ಲ ಅಂದ್ರ ಈಗ ಹೇಳು, ನಾ ಇದನ್ನ ಒಯ್ತೀನಿ.”

“ಕೊಡ್ತೀನಿ,” ಎಂದ ಸೈಫು.

ಮಾನ್ವಿ ಬಸ್ಸಿನಲ್ಲಿ ಕುಳಿತ ಮೇಲೆ ಬೆರಳು ಮಡಚಿ ಎಣಿಸಿದ. ಅವನ ಹೊಲದ ನಾರಿಗೆ ಅಷ್ಟು ಉದ್ದದ ಹಗ್ಗ ಆರು ಆಗುತ್ತಿದ್ದವು. ಏಳನೆಯದಕ್ಕೆ ನಾರು ಎಲ್ಲಿಂದ ಎಂದು ಕೇಳಿದೆ.

ಆ ವರ್ಷ ಬೆಳೆ ಚೆನ್ನಾಗಿ ಬಂತು. ರಮ್ಜಾನ್ ಮುಗಿದು ಹದಿನೈದು ದಿನಕ್ಕೆ ಅಮೀರ್ ಬೀ ಮಲಗಿದಲ್ಲೇ ತೀರಿಕೊಂಡಳು. ವಯಸ್ಸಾಗಿತ್ತು. ಅವಳ ಮಗ ಅಳುವುದನ್ನು ನಾನು ನೋಡಲಿಲ್ಲ, ಕೊಯ್ಲಿಗೆ ಇಳಿದುಬಿಟ್ಟ. ಹೂವಿನ ಹೊಲ ಕೊಯ್ದು, ಕಟ್ಟು ಕಟ್ಟಿ, ಹಳ್ಳದ ಮಡುವಿನಲ್ಲಿ ಕಲ್ಲು ಹೇರಿ ಮುಳುಗಿಸಿದ. ಆರು ಹಗ್ಗಕ್ಕಾಗುವಷ್ಟು ಕಟ್ಟು ಆದ ಮೇಲೆ ಪಡುವಣ ಅಂಚಿಗೆ ಬಂದು ಬೀಜದ ಸಾಲುಗಳ ಮುಂದೆ ಕುಡುಗೋಲು ಹಿಡಿದು ನಿಂತ. ನಾನೂ ಅಲ್ಲಿದ್ದೆ. ಆ ಸಾಲಿನ ಗಿಡಗಳು ಕವಲೊಡೆದಿದ್ದರೂ ಕಾಂಡ ಉದ್ದವಿದ್ದವು, ಹೇಗೋ ಒಂದು ಹಗ್ಗಕ್ಕಾಗುತ್ತಿದ್ದವು.

“ಬೀಜಕ್ಕ?” ಎಂದೆ.

“ಮಡಕಿ ಅದಲ್ಲ. ನಮ್ಮವ್ವನ ಮಡಕಿ ಯಾವತ್ತಾರ ಬರಿದಾದದ್ದು ನೋಡೀದೇನು?”

ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಅವನು ಬಗ್ಗಿ ಕೊಯ್ದ.

ಏಳು ಹಗ್ಗಗಳು ದೀಪಾವಳಿಗೆ ಮೂರು ದಿನ ಮೊದಲೇ ಗೂಗಲ್ಲಿಗೆ ಹೋದವು. ಆ ಚಳಿಗಾಲ ಸೈಫು ಬಹಳ ಖುಷಿಯಲ್ಲಿದ್ದ. ನೀಲಿ ಹಗ್ಗವನ್ನು ಸೋಲಿಸಿದ್ದೇನೆ ಎಂದುಕೊಂಡಿದ್ದ.

ಮರುವರ್ಷ ಜೂನಿನಲ್ಲಿ ಮಿರಗದ ಮಳೆ ಬಿದ್ದ ಮೂರನೆಯ ದಿನ ಅವನ ಹೆಂಡತಿ ಕಮರುನ್ನೀಸಾ ಅಟ್ಟ ಹತ್ತಿ ಮಡಕೆ ಇಳಿಸಿದಳು. ಭಾರವಾಗಿತ್ತು. ಬಾಯಿಯ ಮಣ್ಣು ಬಿರುಕು ಬಿಟ್ಟಿರಲಿಲ್ಲ. ಸೈಫು ಬಿಸ್ಮಿಲ್ಲಾ ಹೇಳಿ ಮಣ್ಣು ಒಡೆದು ಕೈ ಹಾಕಿದ. ಬೂದಿ. ಮೊಣಕೈ ತನಕ ಕೈ ಇಳಿಸಿದ. ಬೂದಿ, ಒಣಗಿದ ಬೇವಿನೆಲೆ, ಮತ್ತೆ ಬೂದಿ. ಅಂಗಳದಲ್ಲಿ ಗೋಣಿ ಹಾಸಿ ಪೂರಾ ಸುರಿದು ಜಾಲಾಡಿದರು. ಹದಿನಾಲ್ಕು ಕಾಳು ಸಿಕ್ಕವು. ಎಲ್ಲಕ್ಕೂ ತೂತು ಬಿದ್ದಿತ್ತು.

ಆದದ್ದೇನೆಂದು ಹೇಳಿದವನು ಪಕ್ಕದ ಹೊಲದ ಮುದುಕಪ್ಪ. ಕಾಲುವೆಯ ಬಸಿನೀರಿಗೆ ಅವನ ಹೊಲ ಸವಳು ಬಿದ್ದು ಬೆಳ್ಳಗಾಗಿತ್ತು. ಅಂಥ ನೆಲಕ್ಕೆ ಸೆಣಬು ಬಿತ್ತಿ ಹೂವಿನಲ್ಲಿ ಮಗುಚಿದರೆ ಮಣ್ಣು ತಿರುಗುತ್ತದೆ ಎಂದು ಅಮೀರ್ ಬೀಯೇ ಅವನಿಗೂ ಇನ್ನೂ ನಾಲ್ಕಾರು ಜನಕ್ಕೂ ಹೇಳಿ, ಬೀಜ ಕೊಟ್ಟಿದ್ದಳು.

“ಅಷ್ಟೂ ಕೊಟ್ಲೇನೋ ಯಜ್ಜಾ?” ಎಂದ ಸೈಫು.

“ನಾ ಬ್ಯಾಡ ಅಂದೆನಪ್ಪಾ. ‘ಇರಲಿ ತಗೋ, ಹೊಲದಾಗ ನಾಕು ಸಾಲು ನಿಂತಾವ, ಕಾಳು ಬರ್ತಾವ’ ಅಂದ್ಲು. ಬರಿದಾದ ಮಡಕಿ ಬಾಯಿ ತೆರೆದಿಡಬಾರದಂತ ಬೂದಿ ತುಂಬಿ ಮೆತ್ತಿದ್ದು ನನ್ನ ಕಣ್ಣ ಮುಂದ.”

ತಾಯಿ ಸಾಲನ್ನು ನಂಬಿ ಮಡಕೆ ಬರಿದು ಮಾಡಿದಳು. ಮಗ ಮಡಕೆಯನ್ನು ನಂಬಿ ಸಾಲು ಕೊಯ್ದ. ಬೀಜ ಒಯ್ದವರೆಲ್ಲ ಹೂವಿನಲ್ಲೇ ಮಗುಚಿದ್ದರು. ಅವರ ಹತ್ತಿರವೂ ಒಂದು ಕಾಳಿರಲಿಲ್ಲ. ಕೇಳಿದ ಮೇಲೆ ಸೈಫು ಮಡಕೆಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದ.

ರಾಯಚೂರಿನ ಬೀಜದಂಗಡಿಯಲ್ಲಿ ಸೆಣಬು ಸಿಗುತ್ತಿತ್ತು. ಆದರೆ ಅದು ಸೊಂಟದೆತ್ತರಕ್ಕೆ ಬೆಳೆದು ಹರಡುವ ಜಾತಿ. ಗೊಬ್ಬರಕ್ಕೆ ಚೆನ್ನ, ನಾರು ಗೇಣುದ್ದ. ಹೊಲ ಬೀಳು ಬಿಡಬಾರದೆಂದು ಅದನ್ನೇ ತಂದು ಬಿತ್ತಿದ. ಅದರಲ್ಲಿ ಹಗ್ಗವಾಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕವಿತಾಳದ ಸಂತೆಯ ದಿನ ನಮ್ಮ ಕಟ್ಟೆಯ ಮೇಲೆ ಕುಳಿತು ಹೇಳಿದ: “ಹಗ್ಗ ಹೋದ್ರ ಹೋಗ್ಲಿ ವಿರುಪ, ಕೂಲಿ ಮಾಡ್ತೀನಿ. ನಮ್ಮವ್ವನ ಜಾತಿ ಹೋತಲ್ಲ. ಆಕಿ ಅತ್ತಿ ಕಡಿಂದ ಆಕಿಗೆ ಬಂದದ್ದು. ನನ್ನ ಕೈಯಾಗ ಮುಗೀತು.”

ಉಪಾಯ ಹೊಳೆದದ್ದು ಕಮರುನ್ನೀಸಾಗೆ. ಅವಳು ನೆರೆಮನೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಾಗ ಆ ಮನೆಯ ಸೊಸೆ ತೊಟ್ಟಿಲು ತೂಗಿದಳಂತೆ. ಮೊರದಿಂದ ಅಕ್ಕಿ ಚೆಲ್ಲಿಕೊಂಡೇ ಎದ್ದು ಬಂದು ಗಂಡನಿಗೆ ಹೇಳಿದಳು: “ಅಜೀ, ಬೀಜ ಮಡಕ್ಯಾಗ ಇಲ್ಲ, ತೊಟ್ಟಿಲದಾಗ ಅದ.”

ತೊಟ್ಟಿಲ ಹಗ್ಗ ಒಯ್ದವರೆಲ್ಲ ಯಾರು ಯಾರು ಎಂದು ಮೂವರೂ ಕೂತು ನೆನಪು ಮಾಡಿಕೊಂಡೆವು. ಮೂರನೆಯವನು ನಾನು. ಆರಿದ್ರಾ ಮಳೆ ಮುಗಿಯುವುದರೊಳಗೆ ಬಿತ್ತಬೇಕು; ಕೈಯಲ್ಲಿದ್ದದ್ದು ಮೂರು ವಾರ. ಭಾನುವಾರಗಳಲ್ಲಿ ನನ್ನ ಸೈಕಲ್ಲು, ಉಳಿದ ದಿನ ಅವನು ಬಸ್ಸಿಗೋ ಕಾಲ್ನಡಿಗೆಗೋ. ಪ್ರತಿ ಮನೆಯಲ್ಲೂ ಒಂದೇ ಮಾತು: ಈಗ ಗಿಲಕಿ ಕೊಡಿ, ಬೆಳೆ ಬಂದ ಮೇಲೆ ಗೊಂಚಲಿಗೆ ಗೊಂಚಲು ತಿರುಗಿ ಕೊಡುತ್ತೇನೆ.

ಕೆಲವರು ಕೂಡಲೇ ಬಿಚ್ಚಿಕೊಟ್ಟರು. ಕೆಲವು ಗೊಂಚಲುಗಳಲ್ಲಿ ಮಕ್ಕಳು ಕಾಯಿ ಕಚ್ಚಿ ಒಡೆದಿದ್ದರು. ಕವಿತಾಳದ ವೆಂಕಮ್ಮ ಮಾತ್ರ ತೊಟ್ಟಿಲಿಗೆ ಅಡ್ಡ ನಿಂತಳು. ಅವಳ ಮೊಮ್ಮಗ ಒಳಗೆ ಮಲಗಿದ್ದ.

“ತೊಟ್ಟಿಲದಾಗಿಂದು ಬಿಚ್ಚಿ ಕೊಟ್ರ ಕೂಸಿನ ನಿದ್ದಿ ಕೊಟ್ಟಂಗ. ನಾ ಕೊಡಂಗಿಲ್ಲ.”

“ನಿದ್ದಿ ನಂಗ ಬ್ಯಾಡವ್ವಾ, ಕಾಳು ಸಾಕು.”

“ಕಾಳು ತಗದ್ರ ಗಿಲಕಿ ಸಪ್ಪಳ ಎಲ್ಲಿಂದ ಮಾಡ್ತದ? ನಿನ್ನ ಗಂಟಲದಿಂದೇನು?”

ಸೈಫು ಅಲ್ಲೇ ಹೊಸ್ತಿಲ ಹೊರಗೆ ಕೂತ. ಹೆಗಲ ಚೀಲದಿಂದ ಹುರಿ ತೆಗೆದು, ಅಂಗಳದ ನಾಲ್ಕು ಹಂಚಿನ ಚೂರು ಆರಿಸಿ, ಬಿದಿರಿನ ಒಂದು ತುಂಡಿನೊಳಗೆ ಹಾಕಿ ಎರಡೂ ಬಾಯಿ ಹೆಣೆದು ಅಲುಗಿಸಿದ. ಸದ್ದು ಒರಟಾಗಿತ್ತು. ಕೂಸು ಎದ್ದು ಅಳಲಿಲ್ಲ, ನಕ್ಕಿತು. ವೆಂಕಮ್ಮ, “ನಿನ್ನ ಮಾರಿ ನೋಡಿ ನಗಾಕತ್ತದ, ಗಿಲಕಿಗಲ್ಲ” ಎಂದು ಗೊಣಗುತ್ತ ಗೊಂಚಲು ಬಿಚ್ಚಿಕೊಟ್ಟಳು.

ಗೂಗಲ್ಲಿಗೆ ಹೋದಾಗ ಪರಮಣ್ಣ ಹೊಳೆಯ ದಂಡೆಯಲ್ಲಿ ಹರಿಗೋಲು ಬೋರಲು ಹಾಕಿ ತಳಕ್ಕೆ ಡಾಂಬರು ಹಚ್ಚುತ್ತಿದ್ದ. ಸುದ್ದಿ ಅವನಿಗೆ ಮುಟ್ಟಿತ್ತು. ಮೊಮ್ಮಗಳ ಗಿಲಕಿ ತಂದು ಕೈಗಿಟ್ಟ. ಏಳನೆಯ ಹಗ್ಗ ಅಲ್ಲೇ ಗೂಟಕ್ಕೆ ಸುತ್ತಿತ್ತು.

“ಇದರಾಗ ನಿನ್ನ ಬೀಜ ಹೋತಲ್ಲೋ ಸೈಫಣ್ಣ. ಆರು ಕೊಡ್ತೀನಿ ಅಂದಿದ್ರ ನಾ ಒಲ್ಲೆ ಅಂತಿದ್ನೇನು?”

“ನೀ ಒಲ್ಲೆ ಅಂತಿರಲಿಲ್ಲ. ನಾನೇ ಆ ನೀಲಿ ಹಗ್ಗದ ಮುಂದ ಆರು ಅನ್ನಾಕ ಆಗಲಿಲ್ಲ,” ಎಂದ ಸೈಫು. ಅಷ್ಟು ನೇರವಾಗಿ ತನ್ನ ತಪ್ಪನ್ನು ಹೇಳಿಕೊಂಡದ್ದು ನಾನು ಕೇಳಿದ್ದು ಅದೊಂದೇ ಸಲ.

ಆರಿದ್ರಾ ಮಳೆಯ ಕೊನೆಗೆ ಇಪ್ಪತ್ತೊಂದು ಮನೆ ತಿರುಗಿದ್ದ. ಸಿಕ್ಕ ಕಾಳನ್ನೆಲ್ಲ ನಮ್ಮ ಮನೆಗೇ ತಂದ. ನಮ್ಮ ಹಿತ್ತಲಲ್ಲಿ ಬಾವಿ ಇತ್ತು, ಅಲ್ಲಿ ಒಂದು ಮಡಿ ಮಾಡಿ ಬಿತ್ತುವುದೆಂದು ಮಾತಾಗಿತ್ತು. ಒಂದು ಹಿಡಿಗಿಂತ ಸ್ವಲ್ಪ ಹೆಚ್ಚಿತ್ತು. ಬಿತ್ತುವ ಮೊದಲು ನೂರು ಕಾಳು ಎಣಿಸಿ ಒದ್ದೆ ಅರಿವೆಯಲ್ಲಿ ಕಟ್ಟಿ ನೋಡಬೇಕೆಂದ. ಮೂರನೆಯ ದಿನ ಅರಿವೆ ಬಿಚ್ಚಿದಾಗ ಎರಡೇ ಕಾಳು ಮೊಳಕೆ ಬಂದಿದ್ದವು. ಉಳಿದವು ಮೆತ್ತಗಾಗಿ ನಾರುತ್ತಿದ್ದವು. ತೊಟ್ಟಿಲ ಹಗ್ಗಕ್ಕೆ ತೂಗುವ ಕಾಯಿಗೆ ಮಕ್ಕಳ ಜೊಲ್ಲು, ಮಳೆಗಾಲದ ತೇವ, ಹುಳು ಎಲ್ಲವೂ ತಗುಲಿರುತ್ತವೆ. ಕೆಡದೆ ಉಳಿದಿರಬೇಕಾದರೆ ಆ ಗೊಂಚಲು ಒಲೆಯ ಹೊಗೆ ಕುಡಿಯುತ್ತ, ಯಾರ ಕೈಯೂ ತಾಕದೆ ಇದ್ದಿರಬೇಕು.

ಅಂಥದ್ದು ಎಲ್ಲಿದೆ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಆ ಮೂರು ವಾರದಲ್ಲಿ ಅವನು ಒಮ್ಮೆಯೂ ನಮ್ಮ ಅಟ್ಟದ ಕಡೆ ಕಣ್ಣೆತ್ತಿರಲಿಲ್ಲ. ಅಡುಗೆಮನೆಯಲ್ಲಿ ಊಟಕ್ಕೆ ಕೂತರೆ ಬೆನ್ನು ಆ ಕಡೆ ಮಾಡಿ ಕೂರುತ್ತಿದ್ದ. ನಾನೂ ಬೂದೆಮ್ಮನಿಗೆ ಹೇಳಿರಲಿಲ್ಲ. ಹೇಳುವ ಧೈರ್ಯವಿರಲಿಲ್ಲ.

ಬೂದೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಒದ್ದೆ ಅರಿವೆಯನ್ನು ನೋಡಿ ಕೈ ನಿಲ್ಲಿಸಿದಳು.

“ಅಣ್ಣಾ, ಒಟ್ಟು ಎಷ್ಟು ಮನಿ ತಿರುಗಿದ್ರಿ?”

“ಇಪ್ಪತ್ತೊಂದು, ತಂಗೀ.”

“ಇಪ್ಪತ್ತೆರಡನೇ ಮನಿ ಯಾಕ ಬಿಟ್ರಿ?”

ಅವನು ಅರಿವೆಯನ್ನು ಮಡಚಿದ, ಮತ್ತೆ ಬಿಚ್ಚಿದ. “ಅಲ್ಲಿ ಕೇಳಬಾರದು,” ಎಂದ.

“ನಿಮ್ಮವ್ವ ಹನ್ನೊಂದು ಕಾಯಿ ಕಟ್ಯಾಳ. ಎಲ್ಲಾರಿಗೂ ಒಂಬತ್ತು. ನಾ ಎಣಿಸೀನಿ.” ಅವಳು ಕೈಯ ಹಿಟ್ಟು ಒರೆಸಿಕೊಂಡಳು. “ಆಕಿ ಕಟ್ಟಿದ್ದು ಕಾಳು ಅಣ್ಣಾ, ಕಲ್ಲಲ್ಲ. ಏಳು ವರ್ಷ ಕಲ್ಲು ಇಟ್ಟಂಗ ಇಟ್ಟಿದ್ದು ನಾನು.”

ಯಾರನ್ನೂ ಹತ್ತಗೊಡದೆ ಅವಳೇ ಏಣಿ ಹಾಕಿ ಹತ್ತಿದಳು. ಆಮೇಲೆ ಗಿಲಕಿ ಒಮ್ಮೆ ಅಲುಗಿತು, ಒಂದೇ ಸಲ. ಇಳಿದು ಬಂದಾಗ ಮಸಿ ಹಿಡಿದು ಕಪ್ಪಾದ ಗೊಂಚಲು ಅವಳ ಸೆರಗಿನಲ್ಲಿತ್ತು. ಒಂದೊಂದೇ ಕಾಯಿ ಒತ್ತಿ ಒಡೆದು ಮೊರಕ್ಕೆ ಕಾಳು ಉದುರಿಸಿದಳು. ಹತ್ತು ಕಾಯಿ ಒಡೆದಳು. ಹನ್ನೊಂದನೆಯದನ್ನು ದಾರದೊಂದಿಗೆ ಮತ್ತೆ ತೊಟ್ಟಿಲಿಗೆ ಕಟ್ಟಿ ಬಂದಳು. ತೊಂಬತ್ತೆರಡು ಕಾಳಾದವು. ಸಣ್ಣವು, ಹೊಳೆಯುತ್ತಿದ್ದವು. ಒಂದಕ್ಕೂ ತೂತಿರಲಿಲ್ಲ. ಸೈಫು ಅವನ್ನು ಮುಟ್ಟಲಿಲ್ಲ. “ನೀನೇ ಬಿತ್ತು ತಂಗೀ,” ಎಂದ.

ಬೂದೆಮ್ಮ ಬಿತ್ತಿದಳು. ಒಂದು ಮೊಳಕ್ಕೊಂದರಂತೆ, ಸೈಫು ಹಗ್ಗ ಎಳೆದು ತೋರಿಸಿದ ಗೆರೆಯಲ್ಲಿ. ಅರವತ್ತೆಂಟು ಗಿಡ ಎದ್ದವು. ಉಳಿದ ಮನೆಗಳ ಕಾಳಿನಿಂದ ಇನ್ನೊಂದು ಹತ್ತು. ಶ್ರಾವಣದ ಕೊನೆಗೆ ಹೂವಾದವು. ನಮ್ಮ ಹಿತ್ತಲಿಗೆ ಎಲ್ಲಿಂದಲೋ ದೊಡ್ಡ ಕರಿ ದುಂಬಿಗಳು ಬರತೊಡಗಿದವು. ಜೀವಮಾನವಿಡೀ ಹೂ ಕಂಡೊಡನೆ ಕುಡುಗೋಲು ಮಸೆದ ಮನುಷ್ಯ ಈಗ ಹೂ ಉದುರುವುದನ್ನು ಕಾಯುತ್ತ ನಮ್ಮ ಬಾವಿಕಟ್ಟೆಯ ಮೇಲೆ ಕೂರುತ್ತಿದ್ದ. ಸಂತೆಯ ಜನ ಬೇಲಿಯಾಚೆಯಿಂದ ಹಂಗಿಸುತ್ತಿದ್ದರು: “ಸೈಫಣ್ಣಾ, ಹೂವಿನ ವ್ಯಾಪಾರ ಚಾಲೂ ಮಾಡಿದೇನು? ಮಲ್ಲಿಗಿ ಹೆಂಗ ಮೊಳ?” ಅವನು, “ನಿಮ್ಮ ತಲಿಗೆ ಹೊಂದಂಗಿಲ್ಲ, ಹೋಗ್ರಿ” ಎನ್ನುತ್ತಿದ್ದ. ಅವನ ಹೊಲದಲ್ಲಿ ಅಂಗಡಿಯ ಸೆಣಬು ಸೊಂಟದೆತ್ತರಕ್ಕೆ ನಿಂತಿತ್ತು. ಅದನ್ನು ಮುದುಕಪ್ಪನ ಎತ್ತುಗಳಿಂದಲೇ ಮಗುಚಿಸಿ, ಆ ವರ್ಷ ಹತ್ತಿ ಬಿಡಿಸುವ ಕೂಲಿಗೆ ಗಂಡ ಹೆಂಡತಿ ಇಬ್ಬರೂ ಹೋದರು.

ಕಾರ್ತಿಕದ ಕೊನೆಯ ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ ಕಾಯಿ ಒಣಗಿದವು. ಗಾಳಿ ಬೀಸಿದರೆ ಇಡೀ ಹಿತ್ತಲು ಗಿಲಿಗಿಲಿ ಎನ್ನುತ್ತಿತ್ತು. ಮೊದಲು ಅವನು ಮಾಡಿದ ಕೆಲಸ ಇಪ್ಪತ್ತೊಂದು ಗೊಂಚಲು ಕಟ್ಟಿದ್ದು. ಒಂಬತ್ತೊಂಬತ್ತು ಕಾಯಿ, ಕೆಂಪು ದಾರ. ಬೀಜಕ್ಕೆ ಕಡಿಮೆಯಾಗುತ್ತದೆ ಎಂದು ನಾನು ಹೇಳಿದೆ. “ಮಾತು ಕೊಟ್ಟೀನಿ” ಎಂದಷ್ಟೇ ಹೇಳಿ ಮತ್ತೆ ಮನೆ ಮನೆ ತಿರುಗಿದ. ವೆಂಕಮ್ಮ ಬಿದಿರಿನ ಗಿಲಕಿಯನ್ನು ತಿರುಗಿ ಕೊಡಲಿಲ್ಲ. ಕೂಸು ಅದನ್ನೇ ಕೇಳುತ್ತದೆ ಎಂದಳು. ಬೂದೆಮ್ಮನಿಗೂ ಒಂದು ಗೊಂಚಲು ತಂದಿದ್ದ. ಅವಳು ಅದನ್ನು ಪಕ್ಕದ ಮನೆಯಲ್ಲಿ ಆ ವಾರ ಹುಟ್ಟಿದ ಕೂಸಿನ ತೊಟ್ಟಿಲಿಗೆ ಕಟ್ಟಿದಳು.

ಮುಂದಿನದು ನಿಧಾನವಾಗಿ ಆಯಿತು. ಒಂದು ಮಡಿಯಿಂದ ಮೂರು ಸೇರು ಕಾಳು, ಅದರಿಂದ ಕಾಲು ಎಕರೆ, ಆಮೇಲೆ ಎರಡೆಕರೆ. ಎಂಬತ್ನಾಲ್ಕಕ್ಕೆ ಮತ್ತೆ ಹಗ್ಗ ಹೊಸೆದ. ಆದರೆ ನೀಲಿ ಹಗ್ಗ ಸೋತಿರಲಿಲ್ಲ. ಅದು ಅಗ್ಗವಾಗುತ್ತ ಹೋಯಿತು. ಎಂಬತ್ತಾರರಲ್ಲಿ ಪರಮಣ್ಣನೂ ಅದನ್ನೇ ಕಟ್ಟಿದ. ಹೇಳಲು ನಾಚಿಕೊಂಡು ಮೂರು ಸಂತೆ ನಮ್ಮ ಕಣ್ಣಿಗೆ ಬೀಳಲಿಲ್ಲ. ನಾಲ್ಕನೆಯ ಸಂತೆಯಲ್ಲಿ ಸೈಫುವೇ ಹುಡುಕಿಕೊಂಡು ಹೋಗಿ, “ಕೈ ತೋರ್ಸು” ಎಂದು ಅಂಗೈ ನೋಡಿದ. ನೀಲಿ ಹಗ್ಗದ ಬರೆ ಇತ್ತು. ಹಳೆಯ ಸೆಣಬಿನ ಹಗ್ಗದ ಒಂದು ತುಂಡನ್ನು ಹಿಡಿಯುವ ಜಾಗಕ್ಕೆ ಸುತ್ತಿಕೊಳ್ಳಲು ಕೊಟ್ಟ. ಅದಕ್ಕೆ ದುಡ್ಡು ಮುಟ್ಟಲಿಲ್ಲ.

ಕೊನೆಯ ವರ್ಷಗಳಲ್ಲಿ ಅವನ ಹಗ್ಗ ಕೊಳ್ಳುವವರು ಜೋಕಾಲಿಗೆ, ತೊಟ್ಟಿಲಿಗೆ, ಎತ್ತಿನ ಕೊರಳಿಗೆ ಮಾತ್ರ. ಅದು ಅವನನ್ನು ಕಾಡಿದಂತೆ ನನಗೆ ಕಾಣಲಿಲ್ಲ. ಬದಲಿಗೆ ಬೀಜ ಕೇಳಿಕೊಂಡು ಸವಳು ನೆಲದವರು ಬರುತ್ತಿದ್ದರು. ಕೊಡುತ್ತಿದ್ದ, ಒಂದು ಕರಾರಿನ ಮೇಲೆ: ಎಲ್ಲ ಮಗುಚಬೇಡಿ, ಒಂದು ಸಾಲು ಬಿಡಿ. ಎಷ್ಟು ಜನ ಬಿಟ್ಟರೋ ಗೊತ್ತಿಲ್ಲ. ಮನೆಯಲ್ಲಿ ಒಂದು ಹೊಸ ರೂಢಿ ಮಾಡಿದ್ದ. ಯುಗಾದಿಯ ಆಸುಪಾಸಿಗೆ ಮಡಕೆಯ ಬಾಯಿ ಒಡೆದು ಅವನೂ ಕಮರುನ್ನೀಸಾಳೂ ಇಬ್ಬರೂ ಕೈ ಹಾಕಿ ನೋಡುವುದು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮುಚ್ಚುವಂತಿಲ್ಲ.

ಈ ಭಾದ್ರಪದದಲ್ಲಿ ಎದೆನೋವೆಂದು ಮಾನ್ವಿಗೆ ಕರೆದೊಯ್ಯುವಾಗ ದಾರಿಯಲ್ಲೇ ಹೋದ. ಐವತ್ತನಾಲ್ಕು ವಯಸ್ಸು. ಹಿಂದಿನ ದಿನ ನನಗೆ ಒಬ್ಬರ ಕೈಯಲ್ಲಿ ಹೇಳಿ ಕಳಿಸಿದ್ದ: ಹೂ ಬಂದಿದೆ, ಭಾನುವಾರ ಬಾ.

ಮೂರನೆಯ ದಿನದ ಜಿಯಾರತ್ ಪ್ರಾರ್ಥನೆ ಮುಗಿದ ಮೇಲೆ, ಇದ್ದತ್ತಿನ ದಿನಗಳಲ್ಲಿ ಮನೆಯಾಚೆ ಬರುವಂತಿಲ್ಲದ ಕಮರುನ್ನೀಸಾ ಬಾಗಿಲ ಸಂದಿಯಿಂದ ನನ್ನನ್ನು ಕರೆಸಿದಳು.

“ಭಾಯ್, ಹೊಲ ಹಂಗೇ ನಿಂತದ. ಯಾರು ಕೊಯ್ತಾರ?”

“ನಾವು ಕೊಯ್ತೀವವ್ವಾ.”

“ಕೊಯ್ರಿ. ಪೂರಾ ಕೊಯ್ಯಬ್ಯಾಡ್ರಿ.”

ಮರುದಿನ ಮುದುಕಪ್ಪನ ಮಗ, ಗೂಗಲ್ಲಿನಿಂದ ಬಂದ ಪರಮಣ್ಣ, ಓಣಿಯ ನಾಲ್ಕು ಜನ, ಜೊತೆಗೆ ಚಾಕ್‌ಪೀಸ್ ಹಿಡಿದು ಕೈ ಮೆತ್ತಗಾದ ನಾನು ಹೊಲಕ್ಕಿಳಿದೆವು. ಕುಡುಗೋಲು ನೆಲಕ್ಕೆ ಎಷ್ಟು ಹತ್ತಿರ ಹೋಗಬೇಕು, ಕಟ್ಟಿನ ದಪ್ಪ ಎಷ್ಟಿರಬೇಕು ಎಂದು ಯಾರೋ ಕೇಳಿದಾಗಲೆಲ್ಲ ಎಲ್ಲರೂ ಸೈಫು ಹೇಳುತ್ತಿದ್ದದ್ದನ್ನು ನೆನಪು ಮಾಡಿಕೊಳ್ಳುತ್ತಿದ್ದೆವು. ಬೂದೆಮ್ಮ ಕವಿತಾಳದಿಂದ ಮೊದಲ ಬಸ್ಸಿಗೇ ಬಂದಿದ್ದಳು. ಪಡುವಣ ಅಂಚಿನ ನಾಲ್ಕು ಸಾಲುಗಳ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಂಜೆಯ ತನಕ ನಿಂತಿದ್ದಳು. ಕೊಯ್ಯುತ್ತ ಕೊಯ್ಯುತ್ತ ಅಲ್ಲಿಗೆ ಬಂದು ಮುಟ್ಟಿದ ಪರಮಣ್ಣನಿಗೆ, “ಇಲ್ಲಿಗೆ ಸಾಕು” ಎಂದಳು. ಅವನು ಕುಡುಗೋಲು ಕೆಳಗಿಟ್ಟ.

ಮೊನ್ನೆ ಆ ಸಾಲುಗಳು ಒಣಗಿ ಸದ್ದು ಮಾಡತೊಡಗಿದವೆಂದು ಕಮರುನ್ನೀಸಾ ಹೇಳಿ ಕಳಿಸಿದಳು. ಹೋದೆವು. ನಾನೂ ಬೂದೆಮ್ಮನೂ ಕೊಯ್ದು ತಂದ ಕಾಯಿಯನ್ನು ಕಮರುನ್ನೀಸಾ ಬಡಿದು, ತೂರಿ, ಕಾಳನ್ನು ಬೂದಿಯಲ್ಲಿ ಕಲಸಿ ಮಡಕೆಗೆ ತುಂಬಿದಳು. ಬಾಯಿಗೆ ಅರಿವೆ ಕಟ್ಟುವ ಮೊದಲು ಮಡಕೆಯನ್ನು ಬಾಗಿಲ ಹತ್ತಿರ ತಂದು ನನ್ನ ಮುಂದಿಟ್ಟಳು. ಕೈ ಹಾಕಿ ನೋಡಬೇಕಾದ ಇನ್ನೊಬ್ಬರು ಆ ಮನೆಯಲ್ಲಿ ಈಗ ಇರಲಿಲ್ಲ. ನಾನು ಮೊಣಕೈ ತನಕ ತೋಳು ಇಳಿಸಿದೆ. ಬೂದಿಯ ಕೆಳಗೆ ಕಾಳು ಬೆರಳಿಗೆ ಸಿಕ್ಕಿತು. ಇನ್ನೂ ಇಳಿಸಿದೆ, ತಳದ ತನಕ ಕಾಳಿತ್ತು. “ಕಾಳು ಅದ” ಎಂದು ಹೇಳಿದೆ. ಅವಳು ಮಣ್ಣು ಮೆತ್ತಿದಳು.